ಪಾಲಿಥೀನ್ ಹಾಳೆಯೂ ತಿಪ್ಪೆಗುಂಡಿಯೂ

ಪಾಲಿಥೀನ್ ಹಾಳೆಯಾಗಲಿ ಚೀಲವಾಗಲಿ ಇಲ್ಲದ ಬೇಸಾಯಗಾರನ ಮನೆಯು ಈಗ ಇಲ್ಲವೆಂದೇ ಹೇಳಬಹುದು. ಹಾಲು ಬರುವುದು ಇದರಲ್ಲಿ; ಬಿತ್ತನೆಯ ಬೀಜ ಬರುವುದು ಇದರಲ್ಲಿ; ತೋಟಕ್ಕೆ ಸಸಿ ಬರುವುದೂ ಇದರಲ್ಲಿಯೇ. ಸುಗ್ಗಿಯ ಕಾಲದಲ್ಲಿ ಅಕಾಲದ ಮಳೆ ಬಂದರೆ ರಾಶಿಯ ಮೇಲೆ ಎಳೆದು ಹೊದಿಸುವುದೂ ಇದನ್ನೇ. ಇಷ್ಟು ಉಪಕಾರವಾದ ಪದಾರ್ಥವನ್ನು ಕೆಲಸ ಮುಗಿದ ಕೂಡಲೆ ಮನೆಯವರು ಗುಡಿಸಿ ತಿಪ್ಪೆಗೆ ಹಾಕುತ್ತಾರೆ; ತಿಪ್ಪೆಯ ಗೊಬ್ಬರವು ಹೊಲಕ್ಕೆ ಹೋಗುತ್ತದೆ. ಮುಂಗಾರಿಗೆ ಮುಂಚೆ ಗೊಬ್ಬರ ಹೊಡೆದು ಹರಡಿದ ಬೆದ್ದಲನ್ನು ನೋಡಿದರೆ ಕರಿಯ ಗೊಬ್ಬರದ ನಡುವೆ ಬಿಳಿ, ನೀಲಿ, ಕೆಂಪು ಬಣ್ಣದ ಚೂರುಗಳು ಬಿಸಿಲಿಗೆ ಹೊಳೆಯುತ್ತಿರುವುದು ಅನೇಕ ಗ್ರಾಮಗಳಲ್ಲಿ ಈಚಿನ ವರ್ಷಗಳ ಸಾಮಾನ್ಯವಾದ ನೋಟವಾಗಿರುತ್ತದೆ. ಗೊಬ್ಬರವು ಒಂದೆರಡು ವರ್ಷಗಳಲ್ಲಿ ಮಣ್ಣಿನಲ್ಲಿ ಮಣ್ಣಾಗುವುದು. ಈ ಚೂರುಗಳು ಮಾತ್ರ ಹಾಗೆಯೇ ಉಳಿಯುವುವು. ಆದುದರಿಂದ ಈ ವಿಷಯವು ಪಟ್ಟಣದವರ ಕಸದ ವಿಷಯವೆಂದು ಗ್ರಾಮದ ಮುಖಂಡರೂ ಜಮೀನಿನ ಮಾಲೀಕರೂ ಸುಮ್ಮನಿರತಕ್ಕದ್ದಲ್ಲ.

ಈ ಪದಾರ್ಥವು ದೊರೆತುದು ಆಕಸ್ಮಿಕವಾಗಿ. 1933ರಲ್ಲಿ ಇಂಗ್ಲೆಂಡಿನ ಚೆಷೈರ್ ಪ್ರಾಂತದ ನಾರ್ತ್‌ವಿಚ್ ಎಂಬಲ್ಲಿ ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪೆನಿಯ ಪ್ರಯೋಗಶಾಲೆಯಲ್ಲಿ ಎರಿಕ್ ಫಾಸೆಟ್ ಮತ್ತು ರೆಜಿನಾಲ್ಡ್ ಗಿಬ್ಸನ್ ಎಂಬ ರಸಾಯನಶಾಸ್ತ್ರಜ್ಞರು ಎಥಿಲೀನ್ ಎಂಬ ಅನಿಲವನ್ನು ಬೇರೊಂದು ದ್ರವ್ಯದೊಡನೆ ಬಹು ದೊಡ್ಡ ಒತ್ತಡದಲ್ಲಿ ಕಾಯಿಸುತ್ತಿದ್ದಾಗ, ಪಾತ್ರೆಯ ಒಳಗೆ ಬಿಳಿಯ ಮೇಣದಂತಹ ವಸ್ತುವೊಂದು ಕಟ್ಟಿಕೊಂಡಿತು. ಅದೇ ಪಾಲಿಎಥಿಲೀನ್, ಜನರ ಬಾಯಲ್ಲಿ ಪಾಲಿಥೀನ್. 1939ರಲ್ಲಿ ಇದರ ತಯಾರಿಕೆಯು ವ್ಯಾಪಾರಕ್ಕಾಗಿ ಆರಂಭವಾಗಿ, ಮಹಾಯುದ್ಧದ ಕಾಲದಲ್ಲಿ ರೇಡಾರ್ ಯಂತ್ರಗಳ ತಂತಿಗಳಿಗೆ ಹೊದಿಕೆಯಾಗಿ ಉಪಯೋಗಿಸಲ್ಪಟ್ಟಿತು. ಅಂದು ಯುದ್ಧದ ಗುಟ್ಟಾಗಿದ್ದ ಪದಾರ್ಥವು ಇಂದು ಸಂತೆಯಲ್ಲಿ ಕೊತ್ತಂಬರಿ ಸೊಪ್ಪಿನ ಜತೆಗೆ ಪುಕ್ಕಟೆಯಾಗಿ ಬರುತ್ತಿರುವುದೇ ಇದರ ಅನಾದರಕ್ಕೆ ಕಾರಣವಾಗಿರಬಹುದು.

ಇದರಲ್ಲಿ ಮುಖ್ಯವಾಗಿ ಎರಡು ಬಗೆಗಳುಂಟು. ಮೆತುವಾಗಿ ಬಗ್ಗುವ, ಮೇಣದಂತೆ ನುಣುಪಾದ, ಸದ್ದಿಲ್ಲದ ಹಾಳೆಯು ಕಡಿಮೆ ಸಾಂದ್ರತೆಯ ಬಗೆ. ಹಾಲಿನ ಪೊಟ್ಟಣ, ಸಸಿಯ ಕಪ್ಪು ಚೀಲ, ಹೊಲಕ್ಕೆ ಹಾಸುವ ಮಲ್ಚಿಂಗ್ ಹಾಳೆ, ಹನಿ ನೀರಾವರಿಯ ಸಣ್ಣ ಕೊಳವೆ, ಇವೆಲ್ಲ ಈ ಬಗೆ ಮತ್ತು ಇದರ ಹತ್ತಿರದ ಸಂಬಂಧಿಯಾದ ಇನ್ನೊಂದು ಬಗೆಯಿಂದ ಆದವುಗಳು. ಮುಟ್ಟಿದರೆ ಸರಸರ ಸದ್ದು ಮಾಡುವ ತೆಳುಚೀಲವೂ ಗಡುಸಾದ ಡಬ್ಬಿ ಕೊಡಗಳೂ ಹೆಚ್ಚು ಸಾಂದ್ರತೆಯ ಬಗೆಗೆ ಸೇರಿದುವು. ವಸ್ತುವಿನ ಮೇಲೆ ಮೂರು ಬಾಣಗಳ ತ್ರಿಕೋನವೂ ಅದರೊಳಗೆ ಅಂಕೆಯೂ ಅಚ್ಚಾಗಿದ್ದಲ್ಲಿ, 4 ಎಂಬುದು ಮೊದಲನೆಯದನ್ನೂ 2 ಎಂಬುದು ಎರಡನೆಯದನ್ನೂ 3 ಎಂಬುದು ಪಿ.ವಿ.ಸಿ.ಯನ್ನೂ ಸೂಚಿಸುವುದು. ಅಂಕೆಯಿಲ್ಲದಿದ್ದರೆ ಚೂರೊಂದನ್ನು ನೀರಿನ ಚೆಂಬಿಗೆ ಹಾಕಿ ಬೆರಳಿನಿಂದ ಮುಳುಗಿಸಿ ಬಿಡಬೇಕು. ಪಾಲಿಥೀನ್ ನೀರಿಗಿಂತ ಹಗುರವಾದುದರಿಂದ ಮೇಲಕ್ಕೆ ಬರುವುದು, ಪಿ.ವಿ.ಸಿ. ತಳಕ್ಕೆ ಇಳಿಯುವುದು. ಈ ಪರೀಕ್ಷೆಯನ್ನು ಮನೆಯ ಮಕ್ಕಳೂ ಮಾಡಬಲ್ಲರು. ಗುಜರಿಯವನಿಗೆ ಕೊಡುವ ಮಾಲು ಕಲಬೆರಕೆಯಾಗದಂತೆ ನೋಡಿಕೊಳ್ಳಲು ಇಷ್ಟು ಸಾಕು.

ಇದರ ಗುಣಗಳನ್ನು ತಿಳಿದುಕೊಂಡರೆ ಇದರಿಂದ ಬರುವ ಲಾಭವೂ ನಷ್ಟವೂ ತಾವಾಗಿಯೇ ಅರ್ಥವಾಗುವುವು. ಇದು ನೀರಿನಲ್ಲಿ ಕರಗದು, ನೀರನ್ನು ಹೀರದು. ಹುಳಿಗೂ ಉಪ್ಪಿಗೂ ಚೌಳಿಗೂ ಜಗ್ಗದು. ಕುದಿಯುವ ನೀರಿನಲ್ಲಿ ಕರಗದಿದ್ದರೂ ಮೆತ್ತಗಾಗುವುದು. ಸುಮಾರು 110 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಕರಗಿಯೇಬಿಡುವುದು. ಆದಕಾರಣ ಬಿಸಿ ಸಾರನ್ನು ಚೀಲದಲ್ಲಿ ಕಟ್ಟಿ ಹೊಲಕ್ಕೆ ಕಳುಹಿಸುವ ಈಚಿನ ಪದ್ಧತಿಯು ಒಳ್ಳೆಯದಲ್ಲ. ಹಿಂದಿನವರ ಬುತ್ತಿಯ ಡಬ್ಬಿಯೇ ಇದಕ್ಕಿಂತ ಮೇಲು. ಇದನ್ನು ಮಣ್ಣಿನ ಸೂಕ್ಷ್ಮಜೀವಿಗಳು ಲೆಕ್ಕಕ್ಕೆ ಬರುವಷ್ಟು ಬೇಗ ತಿನ್ನಲಾರವು. ಬಿಸಿಲು ಮಾತ್ರ ಇದರ ಶತ್ರು. ಕರಿಯ ಪುಡಿಯನ್ನಾಗಲಿ ಬೇರೆ ರಕ್ಷಕ ದ್ರವ್ಯವನ್ನಾಗಲಿ ಬೆರೆಸದ ತೆಳು ಹಾಳೆಯು ಒಂದು ಬೇಸಗೆ ಬಯಲಲ್ಲಿದ್ದರೆ ಹಪ್ಪಳದಂತೆ ಮುರಿಯುವುದು. ಇದನ್ನು ಕಂಡು ಕೆಲವರು 'ಹಾಳೆ ಕರಗಿಹೋಯಿತು' ಎನ್ನುತ್ತಾರೆ. ಕರಗಿರುವುದಿಲ್ಲ, ಆರಿಸಲಾಗದಷ್ಟು ಚಿಕ್ಕ ಚೂರಾಗಿರುತ್ತದೆ, ಅಷ್ಟೆ.

ಕಾಳು ಕೂಡಿಡುವವರು ತಿಳಿಯಬೇಕಾದ ವಿಷಯವೊಂದುಂಟು. ಪಾಲಿಥೀನ್ ಹಾಳೆಯು ನೀರಿನ ತೇವವನ್ನು ಹೆಚ್ಚಾಗಿ ಹೊರಕ್ಕೂ ಬಿಡದು, ಒಳಕ್ಕೂ ಬಿಡದು. ಚೆನ್ನಾಗಿ ಒಣಗಿದ ರಾಗಿ, ಜೋಳ, ಕಡಲೆಗಳಿಗೆ ಇದು ಮಳೆಗಾಲದ ತಂಡಿಯಿಂದ ರಕ್ಷಣೆ. ಅರೆಬರೆ ಒಣಗಿದ ಕಾಳಿಗೆ ಇದೇ ಮೃತ್ಯು. ಒಳಗಿನ ತೇವವು ರಾತ್ರಿ ತಣ್ಣಗಾದಾಗ ಹಾಳೆಯ ಒಳಮೈಗೆ ಬೆವರಿನಂತೆ ಕೂತು ಕಾಳಿಗೆ ಬೂಷ್ಟು ಹಿಡಿಯುವುದು. ಧಾನ್ಯದ ತೇವವು ನೂರಕ್ಕೆ 12 ಭಾಗಕ್ಕಿಂತಲೂ ಕೆಳಗೆ, ನೆಲಗಡಲೆಯದು ನೂರಕ್ಕೆ 8 ಭಾಗದ ಸುಮಾರಿಗೆ ಇಳಿಯುವವರೆಗೂ ಚೀಲದ ಬಾಯಿ ಕಟ್ಟತಕ್ಕದ್ದಲ್ಲ. ಅಲಸಂದೆಯ ಹುಳುವಿನ ಕಾಟವನ್ನು ತಡೆಯಲು ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದವರು ಆಫ್ರಿಕದ ಕ್ಯಾಮರೂನ್ ದೇಶದಲ್ಲಿ ಆರಂಭಿಸಿದ ಕ್ರಮವು ಗಮನಾರ್ಹವಾದುದು. ನೇಯ್ದ ಗೋಣಿಯೊಳಗೆ ದಪ್ಪನೆಯ ಎರಡು ಪಾಲಿಥೀನ್ ಚೀಲಗಳನ್ನು ಒಂದರೊಳಗೊಂದು ಇಟ್ಟು, ಕಾಳು ತುಂಬಿ, ಪ್ರತಿಯೊಂದರ ಬಾಯನ್ನೂ ಬಿಗಿಯಾಗಿ ಕಟ್ಟಿದರೆ, ಒಳಗಿನ ಪ್ರಾಣವಾಯುವು ಹುಳುಗಳ ಉಸಿರಾಟದಿಂದಲೇ ತೀರಿ ಅವು ಔಷಧವಿಲ್ಲದೆ ನಿಂತುಹೋಗುವುವು. ಚೀಲಕ್ಕೆ ತೂತು ಬೀಳದಂತೆ ನೋಡಿಕೊಂಡರೆ ಮುಂದಿನ ವರ್ಷವೂ ಅದೇ ಚೀಲ ಬರುವುದು.

ಹೊಲದ ಉಪಯೋಗಗಳಲ್ಲಿ ಕೃಷಿ ಹೊಂಡದ ಹಾಸೂ ಹನಿ ನೀರಾವರಿಯ ಕೊಳವೆಯೂ ನಿರ್ವಿವಾದವಾಗಿ ಲಾಭಕರವಾದುವು; ಅವು ದಪ್ಪನಾದುದರಿಂದ ಬಹುಕಾಲ ಬಾಳುವುವು, ಹಳತಾದ ಮೇಲೂ ಬೆಲೆಗೆ ಹೋಗುವುವು. ಒಟ್ಟಲಿನ ಮಣ್ಣನ್ನು ಬೇಸಗೆಯಲ್ಲಿ ತೇವಮಾಡಿ ಪಾರದರ್ಶಕ ಹಾಳೆಯಿಂದ ನಾಲ್ಕರಿಂದ ಆರು ವಾರ ಮುಚ್ಚಿ ಬಿಸಿಲಿನಿಂದಲೇ ರೋಗಬೀಜಗಳನ್ನೂ ಕಳೆಯ ಬೀಜಗಳನ್ನೂ ಸುಡುವ ಕ್ರಮವನ್ನು ಇಸ್ರೇಲಿನ ಕಟನ್ ಎಂಬ ವಿಜ್ಞಾನಿಯೂ ಅವರ ಜತೆಗಾರರೂ 1976ರಲ್ಲಿ ಪ್ರಕಟಿಸಿದರು. ಟೊಮ್ಯಾಟೊ, ಹೊಗೆಸೊಪ್ಪು ಮೊದಲಾದ ಒಟ್ಟಲುಗಳಿಗೆ ಇದು ಸುಲಭವೂ ಅಗ್ಗವೂ ಆದ ಉಪಾಯ. ವಿವಾದವಿರುವುದು ಮಲ್ಚಿಂಗ್ ಹಾಳೆಯ ವಿಷಯದಲ್ಲಿ.

ಕೋಲಾರ, ಚಿಕ್ಕಬಳ್ಳಾಪುರ ಮುಂತಾದ ಕಡೆಗಳಲ್ಲಿ ಟೊಮ್ಯಾಟೊ, ಮೆಣಸಿನಕಾಯಿ, ಕಲ್ಲಂಗಡಿಗಳ ಸಾಲಿಗೆ ಬೆಳ್ಳಿ ಬಣ್ಣದ ಹಾಳೆಯನ್ನು ಹಾಸುವುದು ರೂಢಿಯಾಗಿರುತ್ತದೆ. ನೀರು ಉಳಿಯುವುದು, ಕಳೆ ಏಳದಿರುವುದು, ಕೂಲಿಯ ಖರ್ಚು ತಗ್ಗುವುದು, ಇವು ಪ್ರತ್ಯಕ್ಷವಾದ ಲಾಭಗಳು. ಇವನ್ನು ಅಲ್ಲಗಳೆಯುವುದು ಅನ್ಯಾಯ. ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡುವವರು ಕಡಿಮೆ. ಮೈಕ್ರಾನ್ ಎಂಬುದು ಮಿಲಿಮೀಟರಿನ ಸಾವಿರದ ಒಂದು ಭಾಗ. 25 ಮೈಕ್ರಾನಿನ ಹಾಳೆಯು ಚದರ ಮೀಟರಿಗೆ ಸುಮಾರು 23 ಗ್ರಾಂ ತೂಗುವುದು. ನಾಲ್ಕು ಅಡಿ ಅಗಲದ ಹಾಳೆಯನ್ನು ಆರು ಅಡಿಗೊಂದು ಸಾಲಿನಂತೆ ಹಾಸಿದಲ್ಲಿ ಎಕರೆಗೆ ಹಿಡಿಯುವುದು 60 ಕಿಲೋಗ್ರಾಮಿನ ಮೇಲೆ. ಬೆಳೆ ಮುಗಿದ ಮೇಲೆ ಅವಸರದಿಂದ ಎಳೆದು, ಹತ್ತರಲ್ಲೊಂದು ಭಾಗ ಮಾತ್ರ ಹರಿದು ಮಣ್ಣಿನಲ್ಲಿ ಉಳಿಯಿತೆಂದು ಇಟ್ಟುಕೊಂಡರೂ, ಹತ್ತು ಬೆಳೆ ಕಳೆಯುವಷ್ಟರಲ್ಲಿ ಒಂದು ಪೂರ್ತಿ ಹೊದಿಕೆಯೇ ನೆಲದೊಳಗೆ ಸೇರಿರುವುದು. ಅದು ಕುಂಟೆಯ ಕುಡಕ್ಕೆ ಸುತ್ತಿಕೊಳ್ಳುವುದು, ಕೂರಿಗೆಯ ತಾಳಿಗೆ ಸಿಕ್ಕಿ ಬೀಜ ಬೀಳುವುದನ್ನು ತಪ್ಪಿಸುವುದು, ಮಳೆಯ ನೀರು ಇಂಗುವುದಕ್ಕೂ ಬೇರು ಇಳಿಯುವುದಕ್ಕೂ ಅಡ್ಡವಾಗುವುದು.

ಇದು ಬರಿಯ ಊಹೆಯಲ್ಲ. ಚೀನಾ ದೇಶದಲ್ಲಿ 1970ರ ದಶಕದ ಕೊನೆಯಲ್ಲಿ ಈ ಹಾಳೆಯು ಬಳಕೆಗೆ ಬಂದು, ಷಿನ್‌ಜಿಯಾಂಗ್ ಪ್ರಾಂತದ ಹತ್ತಿಯ ಹೊಲಗಳಲ್ಲಿ ಅತಿಯಾಗಿ ಹರಡಿತು. ಉಳಿತಾಯಕ್ಕೋಸ್ಕರ 8 ಮೈಕ್ರಾನ್ ಮತ್ತು ಅದಕ್ಕಿಂತಲೂ ತೆಳುವಾದ ಹಾಳೆಗಳನ್ನು ಹಾಸಿದರು. ಅಷ್ಟು ತೆಳುವಾದುದನ್ನು ಬೆಳೆ ಮುಗಿದ ಮೇಲೆ ಎತ್ತುವುದು ಮನುಷ್ಯನಿಂದಲೂ ಆಗಲಿಲ್ಲ, ಯಂತ್ರದಿಂದಲೂ ಆಗಲಿಲ್ಲ. ವರ್ಷವರ್ಷವೂ ಚೂರು ಸೇರುತ್ತ ಹೋಗಿ ಅಲ್ಲಿನವರು ಇದಕ್ಕೆ 'ಬಿಳಿಯ ಮಾಲಿನ್ಯ' ಎಂದೇ ಹೆಸರಿಟ್ಟರು. ಕೊನೆಗೆ 2017ರಲ್ಲಿ ಹೊಸ ಮಾನಕವನ್ನು ಮಾಡಿ, 2018ರಿಂದ 10 ಮೈಕ್ರಾನಿಗೆ ಕಡಿಮೆಯಾದ ಹಾಳೆಯನ್ನು ಹೊಲಕ್ಕಾಗಿ ತಯಾರಿಸಕೂಡದೆಂದು ಸರ್ಕಾರವು ಗೊತ್ತುಮಾಡಬೇಕಾಯಿತು. ಬೇರೆಯವರು ನಲವತ್ತು ವರ್ಷ ನೆಲ ಕೆಡಿಸಿಕೊಂಡು ಕಲಿತ ಪಾಠವನ್ನು ಇಲ್ಲಿನವರು ಪುನಃ ಮೊದಲಿನಿಂದ ಕಲಿಯಬೇಕಾದುದಿಲ್ಲ. ಅಂಗಡಿಯಲ್ಲಿ ತೆಳು ಹಾಳೆಯ ಸುರುಳಿಗೆ ಬೆಲೆ ಕಡಿಮೆಯೆಂಬುದು ನಿಜ. ಎತ್ತುವಾಗ ಹರಿಯದ ಹಾಳೆಯೇ ಅಗ್ಗವೆಂಬುದೂ ಅಷ್ಟೇ ನಿಜ. 25 ಮೈಕ್ರಾನಿಗೆ ಕಡಿಮೆಯಾದುದನ್ನು ಕೊಳ್ಳದಿರುವುದು, ಎರಡು ಬೆಳೆ ತೆಗೆಯುವ ಉದ್ದೇಶವಿದ್ದರೆ ಇನ್ನೂ ದಪ್ಪನಾದುದನ್ನು ಕೊಳ್ಳುವುದು ಮೇಲು.

ಎತ್ತುವ ಕೆಲಸಕ್ಕೂ ಕ್ರಮವುಂಟು. ಬೆಳೆ ಮುಗಿದ ಕೂಡಲೆ, ಹಾಳೆಯು ಬಿಸಿಲಿಗೆ ಸೀಳುವುದಕ್ಕೆ ಮುಂಚೆಯೇ ಎತ್ತಬೇಕು. ಮೊದಲು ಗಿಡಗಳನ್ನು ಬುಡದಲ್ಲಿ ಕೊಯ್ದು, ಹನಿ ಕೊಳವೆಗಳನ್ನು ಸುತ್ತಿ ಹೊರಗಿಟ್ಟು, ಅಂಚಿನ ಮಣ್ಣನ್ನು ಗುದ್ದಲಿಯಿಂದ ಸಡಿಲಿಸಿ, ಇಬ್ಬರು ಆಳುಗಳು ಎರಡು ಕಡೆ ಹಿಡಿದು ಸಾಲಿನುದ್ದಕ್ಕೂ ನಿಧಾನವಾಗಿ ಎಬ್ಬಿಸುತ್ತ, ಮಣ್ಣು ಕೊಡವುತ್ತ, ಸುರುಳಿ ಮಾಡಬೇಕು. ಕೆಸರಿರುವಾಗ ಎತ್ತಿದರೆ ಮಣ್ಣಿನ ತೂಕವು ಹಾಳೆಯ ತೂಕಕ್ಕಿಂತ ಹೆಚ್ಚಾಗುವುದು. ಅಂತಹ ಮಾಲನ್ನು ಗುಜರಿಯವನು ಮುಟ್ಟುವುದಿಲ್ಲ. ಟ್ರ್ಯಾಕ್ಟರಿನ ನೇಗಿಲಿನಿಂದ ಹಾಳೆಯ ಸಮೇತ ಉತ್ತುಬಿಡುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. ಹುಲ್ಲು, ಕಬ್ಬಿನ ರವದಿ, ತೆಂಗಿನ ಗರಿ, ಸೊಪ್ಪು ಹೇರಳವಾಗಿ ಸಿಗುವ ಕಡೆ ಹಾಳೆಯ ಗೋಜೇ ಬೇಡ. ಮಲೆನಾಡಿನ ಅಡಕೆ ತೋಟದವರು ತಲೆಮಾರುಗಳಿಂದ ಸೊಪ್ಪಿನ ಹೊದಿಕೆಯನ್ನೇ ಮಾಡಿಕೊಂಡು ಬಂದಿರುವರು. ತಾನಾಗಿ ಚೂರಾಗಿ ಹೋಗುವುದೆಂದು ಮಾರುವ ಪಾಲಿಥೀನ್ ಹಾಳೆಯನ್ನು ನಂಬತಕ್ಕದ್ದಲ್ಲ; ಅಂತಹ ಪದಾರ್ಥಗಳನ್ನು ಯೂರೋಪಿನ ಒಕ್ಕೂಟವು 2021ರ ಜುಲೈಯಿಂದ ಮಾರಾಟಕ್ಕೆ ನಿಷೇಧಿಸಿತು. ನಿಜವಾಗಿಯೂ ಮಣ್ಣಿನಲ್ಲಿ ಕೊಳೆಯುವ ಬೇರೆ ಜಾತಿಯ ಹಾಳೆಗಳುಂಟು. ಅವುಗಳ ಬೆಲೆಯು ಹೆಚ್ಚು.

ತಮ್ಮ ಜಮೀನಿನಲ್ಲಿ ಒಂದೆರಡು ಬೆಳೆಯ ಮಟ್ಟಿಗೆ ಹೊರಗಿನವರು ಟೊಮ್ಯಾಟೊ ಮುಂತಾದ ಬೆಳೆಗಳನ್ನು ತೆಗೆಯಲು ಒಪ್ಪಿಕೊಳ್ಳುವ ಮಾಲೀಕರು ಇಲ್ಲಿ ವಿಶೇಷವಾಗಿ ಎಚ್ಚರದಿಂದಿರಬೇಕು. ಇಂತಹ ಒಪ್ಪಂದಗಳು ಕಾನೂನಿಗೆ ಎಷ್ಟರ ಮಟ್ಟಿಗೆ ಸಲ್ಲುವುವೆಂಬುದು ಬೇರೆಯ ಮಾತು. ಬೆಳೆದವನು ಹಣ ಎಣಿಸಿಕೊಂಡು ಹೋಗುವನು; ಹಾಳೆಯು ಜಮೀನಿನವನ ಪಾಲಿಗೆ ಉಳಿಯುವುದು. ಆದ್ದರಿಂದ ಹಾಳೆಯನ್ನು ಪೂರ್ತಿಯಾಗಿ ಎತ್ತಿ ಹೊರಗೆ ಸಾಗಿಸಿದ ಮೇಲೆಯೇ ಕೊನೆಯ ಲೆಕ್ಕವೆಂದು ಮೊದಲೇ ಮಾತಾಡಿಕೊಳ್ಳುವುದು ಅವಶ್ಯಕ.

ಇನ್ನು ದನಗಳ ಮಾತು. ತರಕಾರಿಯ ಸಿಪ್ಪೆ, ಮಿಕ್ಕ ಅನ್ನಗಳನ್ನು ಚೀಲದಲ್ಲಿ ಗಂಟು ಕಟ್ಟಿ ಎಸೆದರೆ, ಉಪ್ಪಿನ ವಾಸನೆಗೆ ದನವು ಚೀಲದ ಸಮೇತ ನುಂಗುವುದು. ಹಸುವಿನ ದೊಡ್ಡ ಹೊಟ್ಟೆಯಲ್ಲಿ ಇದು ಅರಗದು, ಮುಂದಕ್ಕೂ ಹೋಗದು. ಹಗ್ಗದಂತೆ ಹೊಸೆದುಕೊಂಡು ಗಡ್ಡೆಯಾಗುವುದು. ಮೇವು ತಿನ್ನುವುದು ಕಡಿಮೆಯಾಗುತ್ತದೆ, ಹಾಲು ಇಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮೈ ಬಡವಾಗುತ್ತದೆ. ಯಾವ ಕಷಾಯದಿಂದಲೂ ಇದು ಕರಗದು. ಪಶುವೈದ್ಯರು ಹೊಟ್ಟೆ ಕೊಯ್ದು ತೆಗೆಯುವುದೊಂದೇ ಉಪಾಯ. ದೃಷ್ಟಿಯಾಯಿತೆಂದು ಅಂತ್ರ ಕಟ್ಟಿಸಿ ಕಾಲ ಕಳೆದು ಕರೆಯುವ ಹಸುವನ್ನು ಕಳೆದುಕೊಂಡ ಸಂಸಾರದ ನಷ್ಟವು ಎಷ್ಟೆಂಬುದನ್ನು ದನ ಕಟ್ಟಿದವರಿಗೆ ಹೇಳಬೇಕಾದುದಿಲ್ಲ.

ತಿಪ್ಪೆಗೆ ಹಾಕುವುದು ಬೇಡವೆಂದರೆ ಸುಡುವುದೇ ಸರಿಯೆಂದು ಅನೇಕರು ಭಾವಿಸಿರುವರು. ಬಚ್ಚಲ ಹಂಡೆಯ ಒಲೆ ಹೊತ್ತಿಸಲು ಚೀಲವನ್ನು ಉಪಯೋಗಿಸದ ಮನೆಯು ವಿರಳ. ಶುದ್ಧವಾದ ಪಾಲಿಥೀನ್ ಬೇಕಾದಷ್ಟು ಗಾಳಿಯಿರುವ ಕುಲುಮೆಯಲ್ಲಿ ಪೂರ್ತಿಯಾಗಿ ಉರಿದರೆ ಇಂಗಾಲಾಮ್ಲವೂ ನೀರಿನ ಆವಿಯೂ ಮಾತ್ರ ಉಳಿಯುವುವೆಂಬುದು ದಿಟ. ಆದರೆ ಬಚ್ಚಲ ಒಲೆಯು ಕುಲುಮೆಯಲ್ಲ. ಅದರಲ್ಲಿ ಅರೆ ಉರಿದು ಮಸಿಯೂ ವಿಷವಾದ ಇಂಗಾಲದ ಅನಿಲವೂ ಹೊರಡುವುವು; ಪಿ.ವಿ.ಸಿ.ಯ ಚೂರುಗಳು ಜತೆಗೆ ಸೇರಿದ್ದರೆ ಉಸಿರು ಕಟ್ಟಿಸುವ ಆಮ್ಲದ ಹೊಗೆಯೂ, ಡಯಾಕ್ಸಿನ್ ಎಂಬ ಬಹುಕಾಲ ಉಳಿಯುವ ವಿಷವೂ ಉಂಟಾಗುವುವು. ಅದನ್ನು ದಿನವೂ ಸೇವಿಸತಕ್ಕವರು ಒಲೆಯ ಮುಂದೆ ಕೂರುವ ಹೆಂಗಸರೂ ಮಕ್ಕಳೂ.

ಹಾಗಾದರೆ ಇದನ್ನು ಏನು ಮಾಡಬೇಕು? ಕರಗಿಸಿ ಪುನಃ ಎರಕ ಹೊಯ್ಯಬಹುದಾದುದೇ ಈ ಪದಾರ್ಥದ ದೊಡ್ಡ ಗುಣ. ಕಾರ್ಖಾನೆಯಲ್ಲಿ ಇದನ್ನು ಜಾತಿವಾರು ಬೇರ್ಪಡಿಸಿ, ತೊಳೆದು, ಚೂರು ಮಾಡಿ, ಒಣಗಿಸಿ, ಕಾಯಿಸಿದ ಕೊಳವೆಯಲ್ಲಿ ಕರಗಿಸಿ, ಶಾವಿಗೆಯಂತೆ ಒತ್ತಿ ತೆಗೆದು, ಕಾಳುಗಳಾಗಿ ಕತ್ತರಿಸುವರು. ಆ ಕಾಳಿನಿಂದ ಸಸಿಯ ಚೀಲ, ಕೊಳವೆ, ಕಪ್ಪು ಹಾಳೆ ಮೊದಲಾದುವು ಆಗುವುವು. ಪ್ರತಿ ಸಲ ಕರಗಿಸಿದಾಗಲೂ ಗಟ್ಟಿತನವು ಸ್ವಲ್ಪ ಕುಂದುವುದರಿಂದ ಮೊದಲಿನ ದರ್ಜೆಯ ಸಾಮಾನೇ ಮತ್ತೆ ಆಗುವುದೆಂದು ಹೇಳಲಾಗದು. ಬೆಲೆಯನ್ನು ಗೊತ್ತುಮಾಡುವುದು ಮೂರು ಸಂಗತಿಗಳು: ಚೊಕ್ಕಟವಾಗಿರುವುದು, ಒಣಗಿರುವುದು, ಒಂದೇ ಜಾತಿಯಾಗಿರುವುದು. ಹಾಲಿನ ಪೊಟ್ಟಣವನ್ನು ಉದಾಹರಿಸಬಹುದು. ಕತ್ತರಿಸಿದ ಮೂಲೆಯನ್ನು ಬೇರೆಯಾಗಿಸದೆ ಪೊಟ್ಟಣಕ್ಕೇ ಅಂಟಿಕೊಂಡಿರುವಂತೆ ಸೀಳಿ, ಹಾಲು ಬಗ್ಗಿಸಿದ ಮೇಲೆ ಒಂದು ಸಲ ಜಾಲಿಸಿ ತಂತಿಯ ಮೇಲೆ ಒಣಗಿಸಿದರೆ ಒಳ್ಳೆಯ ಮಾಲಾಯಿತು. ಹಾಗೆಯೇ ಎಸೆದರೆ ಮಾರನೆಯ ದಿನಕ್ಕೆ ನಾರುವ ಕಸ. ಬಿಸ್ಕತ್ತಿನ ಹೊದಿಕೆಯಂತೆ ಒಳಗೆ ಬೆಳ್ಳಿಯಂತೆ ಹೊಳೆಯುವ ಪೊಟ್ಟಣಗಳು ಹಲವು ಪದರಗಳಾದುದರಿಂದ ಇದಕ್ಕೆ ಬರುವುದಿಲ್ಲ. ಅವನ್ನು ಬೇರೆಯಾಗಿ ಕೂಡಿಡಬೇಕು. ಕ್ರಿಮಿನಾಶಕದ ಪೊಟ್ಟಣ ಡಬ್ಬಿಗಳನ್ನು ಯಾವ ಕಾರಣಕ್ಕೂ ಇವುಗಳ ಜತೆಗೆ ಬೆರೆಸಕೂಡದು, ಮನೆಯೊಳಕ್ಕೂ ತರಕೂಡದು.

ಮರಳಿ ಸಾಮಾನಾಗದ ತೆಳು ಚೀಲಗಳಿಗೂ ಒಂದು ದಾರಿಯುಂಟು. ಮಧುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರೊಫೆಸರ್ ರಾಜಗೋಪಾಲನ್ ವಾಸುದೇವನ್ ಅವರು, ಕಾದ ಜಲ್ಲಿಕಲ್ಲಿನ ಮೇಲೆ ಇಂತಹ ಚೂರುಗಳನ್ನು ಕರಗಿಸಿ ಲೇಪವಾಗಿಸಿ ಅನಂತರ ಟಾರು ಬೆರೆಸಿ ರಸ್ತೆ ಮಾಡುವ ಕ್ರಮವನ್ನು ತೋರಿಸಿಕೊಟ್ಟು, 2018ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಪಡೆದರು. ಪಿ.ವಿ.ಸಿ.ಯು ಈ ಕೆಲಸಕ್ಕೆ ಬರುವುದಿಲ್ಲ. ಇಲ್ಲಿಯೂ ಬೇರ್ಪಡಿಸುವ ಕೆಲಸವೇ ಮೊದಲನೆಯದು.

ಒಂದು ಮನೆಯವರು ಕೂಡಿಡುವ ಒಂದೆರಡು ಕಿಲೋಗ್ರಾಂ ಮಾಲಿಗೆ ಗುಜರಿಯವನು ಊರಿಗೆ ಬರುವುದಿಲ್ಲ. ಇದೇ ಈ ವಿಷಯದ ಗಂಟು, ಮತ್ತು ಇದು ಊರಿನ ಮುಖಂಡರು ಮಾತ್ರ ಬಿಡಿಸಬಲ್ಲ ಗಂಟು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳು ಗ್ರಾಮಗಳಿಗೂ ಅನ್ವಯಿಸಿ ಗ್ರಾಮ ಪಂಚಾಯಿತಿಗಳ ಮೇಲೆ ಹೊಣೆ ಹೊರಿಸಿರುತ್ತವೆ. ಬಯಲಲ್ಲಿ ಸುಡುವುದನ್ನು ತಡೆಯುವುದೂ ಆ ಹೊಣೆಯಲ್ಲಿ ಸೇರಿರುತ್ತದೆ. ಕರ್ನಾಟಕದಲ್ಲಿ ಅದೇ ವರ್ಷ ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರೂ ಸಂತೆಗಳಲ್ಲಿ ಅವು ಇನ್ನೂ ಕಾಣದೆ ಹೋಗಿಲ್ಲ. ಕಾಗದದ ಮೇಲಿನ ನಿಯಮವು ತಿಪ್ಪೆಯವರೆಗೆ ಇಳಿಯಬೇಕಾದರೆ ಊರಿನೊಳಗೆ ಕಟ್ಟುಪಾಡಾಗಬೇಕು. ಮಳೆ ಬಿಸಿಲು ತಾಕದ ಒಂದು ಹಳೆಯ ಕೊಠಡಿ ಅಥವಾ ಕೊಟ್ಟಿಗೆಯ ಅಂಕಣ, ಅದರಲ್ಲಿ ಜಾತಿಗೊಂದರಂತೆ ನಾಲ್ಕು ಗೋಣಿಚೀಲ, ತಿಂಗಳಿಗೊಂದು ದಿನ ಮನೆಮನೆಯಿಂದ ಮಾಲು ತರುವುದೆಂಬ ಗೊತ್ತುವಳಿ, ಬಂದ ಹಣವು ದೇವಸ್ಥಾನಕ್ಕೋ ಶಾಲೆಗೋ ಸ್ತ್ರೀಶಕ್ತಿ ಸಂಘಕ್ಕೋ ಎಂಬ ನಿಶ್ಚಯ. ಇಷ್ಟಕ್ಕೆ ದೊಡ್ಡ ಖರ್ಚೇನೂ ಬೇಕಾಗಿಲ್ಲ. ಹಣವು ಬಹಳ ಬರುವುದೆಂದು ಆಸೆ ಹುಟ್ಟಿಸುವುದು ತಪ್ಪಾಗುವುದು. ಬರುವ ಹಣಕ್ಕಿಂತ ಹೊಲಕ್ಕೆ ಹೋಗದೆ ಉಳಿಯುವ ಚೂರೇ ಇಲ್ಲಿನ ಲಾಭ.

ಪಟ್ಟಣದ ಸಮೀಪದ ಜಮೀನಿನವರು ಗಾಡಿಗಟ್ಟಲೆ ಕೊಳ್ಳುವ ಪಟ್ಟಣದ ಕಸದ ಗೊಬ್ಬರವನ್ನು ಇಳಿಸಿಕೊಳ್ಳುವುದಕ್ಕೆ ಮುಂಚೆ ಒಂದು ಪುಟ್ಟಿಯಷ್ಟನ್ನು ಜರಡಿಯಲ್ಲಿ ಆಡಿಸಿ ನೋಡತಕ್ಕದ್ದು. ಪಾಲಿಥೀನ್ ಚೂರುಗಳು ಕಣ್ಣಿಗೆ ಕಾಣುವಷ್ಟಿದ್ದರೆ ಆ ಗಾಡಿಯನ್ನು ಹಿಂದಕ್ಕೆ ಕಳುಹಿಸುವುದೇ ಲೇಸು. ಸ್ವಂತ ತಿಪ್ಪೆಯ ವಿಷಯದಲ್ಲಿಯೂ ಅಷ್ಟೆ. ಸುಗ್ಗಿ ಮುಗಿದು ಗೊಬ್ಬರ ಹೊಡೆಯುವುದಕ್ಕೆ ಮುಂಚೆ ಕೆಲಸ ಕಡಿಮೆಯಿರುವ ದಿನಗಳಲ್ಲಿ ಗುಂಡಿಯನ್ನು ಮೊಗಚಿ, ಗಾಡಿಗೆ ತುಂಬುವಾಗ ಕೈಗೆ ಸಿಕ್ಕಿದ ಚೂರುಗಳನ್ನು ಆರಿಸಿ ಬೇರೆ ಪುಟ್ಟಿಗೆ ಹಾಕುವಂತೆ ಆಳುಗಳಿಗೆ ಹೇಳಬೇಕು. ತಿಪ್ಪೆಯಲ್ಲಿ ಒಂದೇ ಕಡೆ ಗುಡ್ಡೆಯಾಗಿರುವಾಗ ಒಂದು ದಿನದಲ್ಲಿ ಆಗುವ ಈ ಕೆಲಸವು, ಎಕರೆಗಟ್ಟಲೆ ಹರಡಿ ಉತ್ತಮೇಲೆ ಎಷ್ಟು ಆಳು ಹಚ್ಚಿದರೂ ಆಗುವುದಿಲ್ಲ.